ಬ್ರಿಜ್ ಬೇಸ್ ಆನ್‌ಲೈನ್: ಆಟ ಸುಧಾರಿಸಬೇಕಾದರೆ ಇದರಲ್ಲಿ ಎಲ್ಲಿ ಕೂರಬೇಕು?

ಬ್ರಿಜ್ ಎಂಬ ಇಸ್ಪೀಟು ಆಟ ಆಡುವವರಿಗೆ ಬ್ರಿಜ್ ಬೇಸ್ ಆನ್‌ಲೈನ್, ಅಂದರೆ ಬಿಬಿಒ, ಹೊಸ ಹೆಸರೇನಲ್ಲ. ಕೆನಡಾದ ಆಟಗಾರ ಫ್ರೆಡ್ ಗಿಟೆಲ್‌ಮನ್ 2001ರಲ್ಲಿ ಶುರುಮಾಡಿದ ಈ ತಾಣ 2018ರಿಂದ ಫನ್‌ಬ್ರಿಜ್ ಎಂಬ ಇನ್ನೊಂದು ಬ್ರಿಜ್ ತಾಣದ ಜೊತೆ ಒಂದೇ ಮಾಲೀಕತ್ವದಲ್ಲಿದೆ. 2020ರಲ್ಲಿ ಕೋವಿಡ್‌ನಿಂದಾಗಿ ಕ್ಲಬ್ಬುಗಳು ಬಾಗಿಲು ಹಾಕಿದಾಗ ಅಲ್ಲಿನ ಎಷ್ಟೋ ಟೇಬಲ್‌ಗಳು ಇಲ್ಲಿಗೆ ಬಂದವು, ಬಂದವರಲ್ಲಿ ಬಹಳಷ್ಟು ಜನ ಇಲ್ಲೇ ಉಳಿದರು. ಆಡಲು ಒಳ್ಳೆಯ ಜಾಗ ಎಂಬ ಬಗ್ಗೆ ತಕರಾರಿಲ್ಲ. ಇಲ್ಲಿ ತೂಗಿ ನೋಡುತ್ತಿರುವುದು ಬೇರೆಯದನ್ನು: ಆರು ತಿಂಗಳು ದಿನಕ್ಕೆ ಮುಕ್ಕಾಲು ಗಂಟೆ ಇದರ ಮುಂದೆ ಕೂತರೆ ಕ್ಲಬ್ಬಿನ ಟೇಬಲ್‌ನಲ್ಲಿ ನಿಮ್ಮ ಆಟ ಮೇಲೇರುತ್ತದೆಯೇ?

ಏರುತ್ತದೆ. ಆದರೆ ಎಲ್ಲರೂ ಹೋಗಿ ಕೂರುವ ಕಡೆ ಕೂತರೆ ಅಲ್ಲ. ಬಿಬಿಒದಲ್ಲಿ ಅತಿ ಹೆಚ್ಚು ಗದ್ದಲ ಇರುವುದು ರೋಬಾಟ್ ಟೂರ್ನಿಗಳಲ್ಲಿ, ಕಲಿಕೆಯ ಲೆಕ್ಕದಲ್ಲಿ ಅದೇ ಅತಿ ಬಡ ಮೂಲೆ. ಪ್ರಾಕ್ಟೀಸ್ ವಿಭಾಗದೊಳಗೆ ಯಾರೂ ಇಣುಕದ ಬ್ರಿಜ್ ಮಾಸ್ಟರ್ ಎಂಬ ಹಳೆಯ ಸರಕಿದೆ. ಪುಕ್ಕಟೆ ಸಿಗುವ ಅದರಲ್ಲೇ ಈ ತಾಣದ ಅರ್ಧ ಬೆಲೆಯಿದೆ.

ಮೊದಲೇ ಹೇಳಿಬಿಡುವುದು: ನಿಯಮ ಗೊತ್ತಿಲ್ಲದವರು ಇಲ್ಲಿಂದ ಶುರುಮಾಡಬೇಡಿ. ಕರಾವಳಿಯ ಕಡೆ ಇಪ್ಪತ್ತೆಂಟು ಆಡಿ ಬಂದವರಿಗೆ ಜೊತೆಗಾರ, ತುರುಫು, ಬಿದ್ದ ಎಲೆಗಳ ನೆನಪು, ಇವೆಲ್ಲ ಕೈಗೆ ಹತ್ತಿರುತ್ತದೆ. ಆದರೆ ಅಲ್ಲಿ 32 ಎಲೆ, ಗುಲಾಮನೇ ದೊಡ್ಡವನು, ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು ಪಾಯಿಂಟ್. ಬ್ರಿಜ್‌ನಲ್ಲಿ ಟ್ರಿಕ್‌ನೊಳಗೆ, ಅಂದರೆ ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತಿನೊಳಗೆ, ಯಾವ ಎಲೆ ಬಿತ್ತು ಎಂಬುದಕ್ಕೆ ಬೆಲೆಯಿಲ್ಲ, ಎಷ್ಟು ಟ್ರಿಕ್ ಬಂತು ಎಂಬುದೊಂದೇ ಲೆಕ್ಕ. ಜೊತೆಗೆ ಡಮ್ಮಿ ಕೈ, ಅಂದರೆ ಆಟ ನಡೆಸುವವರ ಜೊತೆಗಾರನ ಕೈ, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತದೆ. ಅಷ್ಟು ಹೊಂದಿಕೊಂಡ ಮೇಲೆ ಬನ್ನಿ.

ಬ್ರಿಜ್ ಮಾಸ್ಟರ್ ಗಿಟೆಲ್‌ಮನ್ ಅವರೇ ಮಾಡಿದ ತಂತ್ರಾಂಶ, ಒಂದು ಕಾಲಕ್ಕೆ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಐದು ಹಂತಗಳಿವೆ. ಪ್ರತಿ ಕೈಯಲ್ಲೂ ಬಿಡ್ಡಿಂಗ್, ಅಂದರೆ ಎಷ್ಟು ಟ್ರಿಕ್ ಗೆಲ್ಲುತ್ತೇವೆಂಬ ಹರಾಜು, ಆಗಲೇ ಮುಗಿದಿರುತ್ತದೆ, ನೀವು ಡಿಕ್ಲೇರರ್ (ಹರಾಜು ಗೆದ್ದು ಆಟ ನಡೆಸುವವರು), ಲೀಡ್ ಎಂಬ ಮೊದಲ ಎಲೆ ಬಿದ್ದಿರುತ್ತದೆ, ಕಾಂಟ್ರ್ಯಾಕ್ಟ್, ಅಂದರೆ ಒಪ್ಪಿಕೊಂಡಷ್ಟು ಟ್ರಿಕ್, ಮಾಡಿ ತೋರಿಸಬೇಕು. ಇದರ ಜೀವಾಳ ಒಂದೇ: ಎದುರಾಳಿಗಳ ಎಲೆಗಳು ಮೊದಲೇ ಗಟ್ಟಿಯಾಗಿ ಕೂತಿರುವುದಿಲ್ಲ. ನೀವು ತಪ್ಪು ದಾರಿ ಹಿಡಿದರೆ, ಆ ದಾರಿ ಸೋಲುವಂತೆ ಎಲೆಗಳು ಜಾಗ ಬದಲಿಸುತ್ತವೆ. ಕ್ಲಬ್ಬಿನಲ್ಲಿ ತಪ್ಪು ಆಡಿಯೂ ಅದೃಷ್ಟದಿಂದ ಗೆದ್ದು ಬೆನ್ನು ತಟ್ಟಿಸಿಕೊಳ್ಳಬಹುದು, ಇಲ್ಲಿ ಸಾಧ್ಯವಿಲ್ಲ.

ಮೊದಲ ಹಂತದ ಮಟ್ಟದ ಒಂದು ಕೈ ನೋಡಿ. ಇದು ಅಲ್ಲಿಂದ ಎತ್ತಿದ್ದಲ್ಲ, ಅದೇ ಬಗೆಯದು.

ನಾರ್ತ್, ಅಂದರೆ ಡಮ್ಮಿ: ಸ್ಪೇಡ್ 7 5 2, ಹಾರ್ಟ್ ರಾಜ 4, ಡೈಮಂಡ್ ಎಕ್ಕ ರಾಣಿ ಗುಲಾಮ 10 5, ಕ್ಲಬ್ 9 8 3.
ಸೌತ್, ಅಂದರೆ ನೀವು: ಸ್ಪೇಡ್ ಎಕ್ಕ 8 3, ಹಾರ್ಟ್ ಎಕ್ಕ ರಾಣಿ 5, ಡೈಮಂಡ್ 9 6 2, ಕ್ಲಬ್ ಎಕ್ಕ ರಾಜ 7 4.

ನೀವು 17 ಪಾಯಿಂಟ್‌ಗೆ (ಎಕ್ಕ 4, ರಾಜ 3, ರಾಣಿ 2, ಗುಲಾಮ 1) ಒಂದು ನೋಟ್ರಂಪ್ (ತುರುಫಿಲ್ಲದ ಆಟ) ಎಂದಿರಿ, ನಾರ್ತ್ ನೇರ ಮೂರಕ್ಕೆ, ಅಂದರೆ ಒಂಬತ್ತು ಟ್ರಿಕ್‌ಗೆ, ಏರಿಸಿತು. ವೆಸ್ಟ್ ಸ್ಪೇಡ್ ರಾಜನನ್ನು ಲೀಡ್ ಮಾಡಿತು. ಖಚಿತ ಟ್ರಿಕ್ ಎಣಿಸಿ: ಸ್ಪೇಡ್ 1, ಹಾರ್ಟ್ 3, ಕ್ಲಬ್ 2, ಡೈಮಂಡ್ ಎಕ್ಕ 1. ಒಟ್ಟು ಏಳು. ಉಳಿದೆರಡು ಡೈಮಂಡ್‌ನಿಂದಲೇ ಬರಬೇಕು, ಬರುತ್ತವೆ ಕೂಡ. ರಾಜ ವೆಸ್ಟ್ ಹತ್ತಿರ ಇದ್ದರೆ ಫಿನೆಸ್ (ರಾಜ ವೆಸ್ಟ್‌ನಲ್ಲಿದೆ ಎಂದು ನಂಬಿ ಡಮ್ಮಿಯಿಂದ ಎಕ್ಕದ ಬದಲು ರಾಣಿ ಹಾಕಿ ನೋಡುವುದು) ಗೆಲ್ಲುತ್ತದೆ. ಈಸ್ಟ್ ಹತ್ತಿರ ಇದ್ದರೆ ಒಂದು ಟ್ರಿಕ್ ಹೋಗಿ ನಾಲ್ಕು ಉಳಿಯುತ್ತದೆ. ಅಂದಮೇಲೆ ಭಯ ಯಾವುದಕ್ಕೆ? ಈಸ್ಟ್ ಡೈಮಂಡ್ ರಾಜನಿಂದ ಗೆದ್ದು ಸ್ಪೇಡ್ ವಾಪಸ್ ಕೊಡುವುದಕ್ಕೆ.

ಮೊದಲ ಟ್ರಿಕ್‌ಗೇ ಎಕ್ಕ ಹಾಕಿದಿರಿ ಎನ್ನಿ. ಬ್ರಿಜ್ ಮಾಸ್ಟರ್ ಈಸ್ಟ್‌ಗೆ ಡೈಮಂಡ್ ರಾಜನನ್ನೂ ಎರಡೇ ಸ್ಪೇಡನ್ನೂ ಕೊಡುತ್ತದೆ, ವೆಸ್ಟ್‌ಗೆ ಐದು ಸ್ಪೇಡ್. ಫಿನೆಸ್ ಸೋಲುತ್ತದೆ, ಈಸ್ಟ್ ಉಳಿದ ಒಂದು ಸ್ಪೇಡ್ ಆಡುತ್ತದೆ, ವೆಸ್ಟ್ ನಾಲ್ಕು ಸ್ಪೇಡ್ ಎಳೆದುಕೊಳ್ಳುತ್ತದೆ. ಒಂದು ಡೌನ್, ಅಂದರೆ ಒಂದು ಟ್ರಿಕ್ ಕಡಿಮೆ. ಮೊದಲ ಸ್ಪೇಡ್ ಬಿಟ್ಟು ಎರಡನೆಯದಕ್ಕೆ ಎಕ್ಕ ಹಾಕಿದರೆ ಅದೇ ಈಸ್ಟ್ ಹತ್ತಿರ ವಾಪಸ್ ಕೊಡಲು ಸ್ಪೇಡೇ ಇರುವುದಿಲ್ಲ. ಹತ್ತು ಟ್ರಿಕ್. ಸ್ಪೇಡ್ 4-3 ಹಂಚಿಕೆಯಾಗಿದ್ದರೆ ವಾಪಸ್ ಬರಬಹುದು, ಆದರೆ ಆಗ ಅವರಿಗೆ ಸಿಗುವುದು ಮೂರು ಸ್ಪೇಡ್ ಮತ್ತು ಒಂದು ಡೈಮಂಡ್ ಮಾತ್ರ, ನಿಮ್ಮ ಒಂಬತ್ತಕ್ಕೆ ಧಕ್ಕೆಯಿಲ್ಲ. ಎಷ್ಟು ಸಲ ಬಿಡಬೇಕು ಎಂಬುದಕ್ಕೆ ಏಳರ ಸೂತ್ರವಿದೆ: ಏಳರಿಂದ ನಿಮ್ಮ ಮತ್ತು ಡಮ್ಮಿಯ ಆ ಬಣ್ಣದ, ಅಂದರೆ ಆ ಜಾತಿಯ, ಒಟ್ಟು ಎಲೆಗಳನ್ನು ಕಳೆಯಿರಿ. ಇಲ್ಲಿ ಆರಿದೆ, ಹಾಗಾಗಿ ಒಂದು ಸಲ. ಸೂತ್ರ ಕಣ್ಣುಮುಚ್ಚಿ ಬಳಸುವಂಥದ್ದಲ್ಲ. ಈ ಕೈಯಲ್ಲಿ ಸೋಲುವ ಫಿನೆಸ್ ಈಸ್ಟ್‌ಗೆ ಹೋಗುತ್ತದೆ ಎಂಬುದರಿಂದಲೇ ಬಿಡುವುದು ಫಲ ಕೊಟ್ಟಿತು. ಉದ್ದ ಸ್ಪೇಡ್ ಇರುವ ವೆಸ್ಟ್‌ಗೇ ಕೈ ಹೋಗುವಂತಿದ್ದರೆ ಎಷ್ಟು ಬಿಟ್ಟರೂ ಅಷ್ಟೇ.

ವಲ್ನರಬಲ್ ಅಲ್ಲದಾಗ (ಬೋನಸ್ಸೂ ದಂಡವೂ ಕಡಿಮೆ ಇರುವ ಸ್ಥಿತಿ) ಹತ್ತು ಟ್ರಿಕ್‌ಗೆ 430, ಒಂದು ಡೌನ್‌ಗೆ ಮೈನಸ್ 50. ವ್ಯತ್ಯಾಸ 480, ಟೀಮ್ ಪಂದ್ಯದ ಅಂಕವಾದ ಇಂಪ್‌ನಲ್ಲಿ 10. ಮೊದಲ ಟ್ರಿಕ್‌ನಲ್ಲಿ ಅರ್ಧ ನಿಮಿಷ ಕೂತು ಯೋಚಿಸಿದ್ದಕ್ಕೆ ಬರುವ ಕೂಲಿ ಅದು.

ಬ್ರಿಜ್ ಮಾಸ್ಟರ್ ಬಳಸುವ ರೀತಿ ಹೀಗಿರಲಿ. ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಡಮ್ಮಿಯಿಂದ ಎಲೆ ಹಾಕುವ ಮೊದಲು ಮೂರು ಸಾಲು ಬರೆಯಿರಿ: ಖಚಿತ ಟ್ರಿಕ್ ಎಷ್ಟು (ತುರುಫು ಕಾಂಟ್ರ್ಯಾಕ್ಟ್ ಆದರೆ ಸೋಲುವ ಟ್ರಿಕ್ ಎಷ್ಟು), ಕೊರತೆ ಯಾವ ಬಣ್ಣದಿಂದ ತುಂಬುತ್ತದೆ, ಯಾವ ಎದುರಾಳಿಯ ಕೈಗೆ ಸರದಿ ಹೋದರೆ ಅಪಾಯ. ಬರೆಯದೆ ಮನಸ್ಸಿನಲ್ಲೇ ಮಾಡುತ್ತೇನೆ ಎನ್ನುವವರು ಮೂರನೇ ಪ್ರಶ್ನೆಯನ್ನು ಖಂಡಿತ ಹಾರಿಸುತ್ತಾರೆ, ಮೂರನೇ ಹಂತದ ಕೈಗಳು ಬೀಳಿಸುವುದೂ ಅಲ್ಲೇ. ಸೋತರೆ ತಕ್ಷಣ ವಿವರಣೆ ಒತ್ತಬೇಡಿ. ಇನ್ನೊಮ್ಮೆ ಆಡಿ, ಆಗಲೂ ಸೋತರೆ ಮಾತ್ರ ನೋಡಿ. ವರ್ಷಗಳಿಂದ ಆಡುತ್ತಿರುವವರೂ ಒಂದನೇ ಹಂತದಿಂದಲೇ ಹಿಡಿಯುವುದು ಒಳ್ಳೆಯದು. ಅಲ್ಲಿ ತಪ್ಪುವುದು ಜ್ಞಾನದ ಕೊರತೆಯಿಂದಲ್ಲ, ಅವಸರದಿಂದ. ಯಾವ ಬಗೆಯ ಅವಸರ ನಿಮ್ಮದು ಎಂದು ಇಪ್ಪತ್ತು ಕೈಗಳಲ್ಲಿ ಗೊತ್ತಾಗಿಬಿಡುತ್ತದೆ. ಕೆಲವರು ತುರುಫು ಎಳೆಯಲು ಓಡುತ್ತಾರೆ, ಕೆಲವರು ಎಕ್ಕ ಕಂಡ ಕೂಡಲೇ ಹಾಕುತ್ತಾರೆ, ಕೆಲವರು ಡಮ್ಮಿಗೆ ಹೋಗುವ ಏಕೈಕ ದಾರಿಯನ್ನು ಎರಡನೇ ಟ್ರಿಕ್‌ನಲ್ಲೇ ಖರ್ಚು ಮಾಡಿಕೊಳ್ಳುತ್ತಾರೆ.

ಕೊರತೆಗಳೂ ಇವೆ. ಕೈಗಳ ಸಂಖ್ಯೆ ಸೀಮಿತ, ಎರಡನೇ ಸುತ್ತಿಗೆ ಬಂದಾಗ ಉತ್ತರ ನೆನಪಿನಿಂದ ಬರುತ್ತದೆಯೇ ಹೊರತು ಲೆಕ್ಕದಿಂದಲ್ಲ. ವಿವರಣೆ ಕನ್ನಡದಲ್ಲಿಲ್ಲ. ಐದನೇ ಹಂತ ನುರಿತವರಿಗೆ ಮಾತ್ರ, ಸ್ಕ್ವೀಜ್ ಎಂದರೆ ಏನೆಂದು ಗೊತ್ತಿಲ್ಲದವರು ಅಲ್ಲಿ ತಲೆ ಚಚ್ಚಿಕೊಳ್ಳುವುದು ಸಮಯ ವ್ಯರ್ಥ. ಇನ್ನೊಂದು ಸೂಕ್ಷ್ಮವೂ ಉಂಟು: ಇಲ್ಲಿ ಪ್ರತಿ ಕೈಯಲ್ಲೂ ಏನೋ ಹೂಟ ಇದ್ದೇ ಇದೆ ಎಂದು ನಿಮಗೆ ಮೊದಲೇ ಗೊತ್ತು. ಕ್ಲಬ್ಬಿನಲ್ಲಿ ‘ಇದು ಯೋಚಿಸಬೇಕಾದ ಕೈ’ ಎಂದು ಯಾರೂ ಕಿವಿಯಲ್ಲಿ ಹೇಳುವುದಿಲ್ಲ.

ಇನ್ನು ರೋಬಾಟ್‌ಗಳು. ಬಿಬಿಒದಲ್ಲಿ ಕಾಲದಿಂದ ಆಡುತ್ತಿರುವ ರೋಬಾಟ್ ಗಿಬ್, ಮ್ಯಾಥ್ಯೂ ಗಿನ್ಸ್‌ಬರ್ಗ್ ರಚನೆ, 1998ರಲ್ಲಿ ಕಂಪ್ಯೂಟರ್ ಬ್ರಿಜ್ ವಿಶ್ವ ಚಾಂಪಿಯನ್ ಆದದ್ದು. ಅದು ಎಲೆ ಆಯುವ ಬಗೆ ಗೊತ್ತಾದರೆ ಅದರ ಬಲವೂ ದೌರ್ಬಲ್ಯವೂ ಒಟ್ಟಿಗೇ ತಿಳಿಯುತ್ತವೆ. ಬಿಡ್ಡಿಂಗ್‌ಗೆ ಹೊಂದುವಂತೆ ಕಾಣದ ಕೈಗಳನ್ನು ಹಲವು ಬಾರಿ ಕಲ್ಪಿಸಿಕೊಳ್ಳುತ್ತದೆ. ಪ್ರತಿ ಕಲ್ಪನೆಯಲ್ಲೂ ನಾಲ್ಕು ಕೈಗಳನ್ನೂ ಬಿಚ್ಚಿಟ್ಟು ಆಡಿದರೆ ಯಾವ ಎಲೆ ಎಷ್ಟು ಟ್ರಿಕ್ ತರುತ್ತದೆ ಎಂದು ಲೆಕ್ಕ ಹಾಕುತ್ತದೆ, ಸರಾಸರಿಯಲ್ಲಿ ಗೆದ್ದ ಎಲೆಯನ್ನು ಹಾಕುತ್ತದೆ. ಇಲ್ಲೊಂದು ಬಿರುಕಿದೆ. ಲೆಕ್ಕದೊಳಗೆ ಎಲ್ಲರಿಗೂ ಎಲ್ಲ ಎಲೆ ಕಾಣುತ್ತದೆ ಎಂದುಕೊಂಡಿದ್ದರಿಂದ, ಮುಂದೆ ಎದುರಾಗುವ ರಾಣಿ ಎಲ್ಲಿದೆ ಎಂಬ ಸಂದಿಗ್ಧವನ್ನು ತಾನು ಸರಿಯಾಗಿಯೇ ಬಿಡಿಸುತ್ತೇನೆ ಎಂದು ಅದು ಭಾವಿಸಿಕೊಂಡಿರುತ್ತದೆ. ಆದ್ದರಿಂದ ಸುಳಿವು ಹುಡುಕಲೆಂದೇ ಒಂದು ಎಲೆ ಆಡುವ ಅಭ್ಯಾಸ ಅದಕ್ಕಿಲ್ಲ. ಜೊತೆಗಾರನಿಗೆ ಮಾಹಿತಿ ತಲುಪಿಸಬೇಕೆಂಬ ಹಂಗೂ ಅಷ್ಟಕ್ಕಷ್ಟೆ.

ಈ ಕಾರಣಕ್ಕೆ ರೋಬಾಟ್ ಜೊತೆ ಡಿಫೆನ್ಸ್, ಅಂದರೆ ಡಿಕ್ಲೇರರ್‌ನ ಕಾಂಟ್ರ್ಯಾಕ್ಟ್ ಕೆಡಿಸುವ ಆಟ, ಕಲಿಯಲಾಗದು. ನೀವು ಎತ್ತರದ ಎಲೆ ಹಾಕಿ ಪ್ರೋತ್ಸಾಹಿಸಿದ್ದನ್ನೂ, ದೊಡ್ಡದು ಮತ್ತೆ ಚಿಕ್ಕದು ಹಾಕಿ ಸಮಸಂಖ್ಯೆ ತೋರಿಸಿದ್ದನ್ನೂ ಅದು ಮನುಷ್ಯ ಜೊತೆಗಾರ ಓದುವ ಹಾಗೆ ಓದುವುದಿಲ್ಲ. ಮೂರು ತಿಂಗಳು ಅದರ ಜೊತೆಗೇ ಆಡಿದವರ ಕೈಯಲ್ಲಿ ಸಂಕೇತದ ಎಲೆಗಳು ಸಡಿಲವಾಗುತ್ತವೆ: ಎರಡು, ಏಳು ಯಾವುದಾದರೇನು ಎಂಬ ಉಡಾಫೆ. ಕ್ಲಬ್ಬಿನಲ್ಲಿ ಎದುರು ಕೂತವರು ಆ ಏಳನ್ನು ನಂಬಿ ಆಡುತ್ತಾರೆ, ಜಗಳ ಶುರುವಾಗುವುದು ಹಾಗೆ.

‘ಬೆಸ್ಟ್ ಹ್ಯಾಂಡ್’ ಟೂರ್ನಿಗಳಲ್ಲಿ ತೊಂದರೆ ಇನ್ನಷ್ಟು. ಹೆಸರೇ ಹೇಳುವಂತೆ ನಾಲ್ವರಲ್ಲಿ ಅತಿ ಹೆಚ್ಚು ಪಾಯಿಂಟ್ ನಿಮಗೆ, ಹೆಚ್ಚೆಂದರೆ ಬೇರೆಯವರು ಸಮ. ಆಡಲು ಖುಷಿ, ನಿಜ. ಆದರೆ ಸಹಜ ಹಂಚಿಕೆಯಲ್ಲಿ ನೀವು ಡಿಕ್ಲೇರರ್ ಆಗುವುದು ಸುಮಾರು ನಾಲ್ಕರಲ್ಲಿ ಒಂದು ಕೈ, ಡಿಫೆನ್ಸ್ ಮಾಡುವುದು ಅರ್ಧದಷ್ಟು. ಇಲ್ಲಿ ಆ ಪ್ರಮಾಣವೇ ತಲೆಕೆಳಗು. ಮೇಲಾಗಿ ಹಂಚಿಕೆಯ ಷರತ್ತಿನಿಂದಲೇ ಕದ್ದ ಮಾಹಿತಿ ಸಿಗುತ್ತದೆ. ಒಟ್ಟು ಪಾಯಿಂಟ್ 40. ನಿಮ್ಮಲ್ಲಿ 10 ಮಾತ್ರ ಇದ್ದರೆ ಉಳಿದ ಮೂವರಲ್ಲೂ ಸರಿಯಾಗಿ ಹತ್ತತ್ತೇ ಇರಬೇಕು. ನಿಮ್ಮಲ್ಲಿ 12 ಇದ್ದರೆ ಉಳಿದ 28 ಮೂವರಿಗೆ, ಯಾರಿಗೂ 12 ಮೀರುವಂತಿಲ್ಲ, ಹಾಗಾಗಿ ಯಾರಿಗೂ 4ಕ್ಕಿಂತ ಕಡಿಮೆ ಇರುವಂತಿಲ್ಲ. ಪಟ್ಟಿಯ ಮೇಲಿರುವ ಜಾಣರು ಇದನ್ನೆಲ್ಲ ಎಣಿಸಿಯೇ ಆಡುತ್ತಾರೆ. ರೋಬಾಟ್ ನಿಮ್ಮ ಬಿಡ್‌ನ ವಿವರಣೆಯನ್ನು ಅಕ್ಷರಶಃ ನಂಬುತ್ತದೆ ಎಂದು ಗೊತ್ತಿರುವುದರಿಂದ ಬೇಕೆಂದೇ ಸುಳ್ಳು ಬಿಡ್ ಮಾಡಿ ಅದರ ಡಿಫೆನ್ಸ್ ಕೆಡಿಸುತ್ತಾರೆ. ರೋಬಾಟ್ ಟೂರ್ನಿಯಲ್ಲಿ ಅದು ನ್ಯಾಯವೇ. ಆದರೆ ಇದರಲ್ಲಿ ಗೆಲ್ಲುವ ಕೌಶಲ ಬೇರೆ, ಬ್ರಿಜ್ ಬೇರೆ. ಶೇಕಡಾವಾರು ಅಂಕ ಏರಿತೆಂದು ಆಟ ಏರಿದೆ ಎಂದುಕೊಳ್ಳಬೇಡಿ.

ಹಾಗಾದರೆ ರೋಬಾಟ್ ಬೇಡವೇ? ಎರಡು ಕೆಲಸಕ್ಕೆ ಬೇಕು. ಒಂದು, ಯಾವುದೇ ಬಿಡ್ ಮೇಲೆ ಬೆರಳಿಟ್ಟರೆ ಅದರ ಅರ್ಥ, ಅಂದರೆ ಎಷ್ಟು ಪಾಯಿಂಟ್, ಯಾವ ಬಣ್ಣ ಎಷ್ಟು ಉದ್ದ, ಮುಂದೆ ಬಿಡ್ ಮಾಡಲೇಬೇಕೇ ಎಂಬುದು ಬಿಡ್ ಮಾಡುವ ಮೊದಲೇ ತೆರೆಯ ಮೇಲೆ ಬರುತ್ತದೆ. ರೋಬಾಟ್‌ಗಳ ಪದ್ಧತಿ ‘ಟು ಓವರ್ ಒನ್’: ಐದೆಲೆ ಮೇಜರ್ (ಸ್ಪೇಡ್ ಅಥವಾ ಹಾರ್ಟ್), 15ರಿಂದ 17ರ ನೋಟ್ರಂಪ್, ಒಂದರ ಮಟ್ಟದ ಮೇಜರ್‌ಗೆ ಜಿಗಿಯದೆ ಎರಡರ ಮಟ್ಟದಲ್ಲಿ ಹೊಸ ಬಣ್ಣ ಹೇಳಿದರೆ ಗೇಮ್‌ವರೆಗೆ, ಅಂದರೆ ದೊಡ್ಡ ಬೋನಸ್ ಸಿಗುವ ಕಾಂಟ್ರ್ಯಾಕ್ಟ್‌ವರೆಗೆ, ಹೋಗಲೇಬೇಕು. ಈ ಪದ್ಧತಿ ಕಲಿಯುತ್ತಿರುವವರಿಗೆ ಇದಕ್ಕಿಂತ ತಾಳ್ಮೆಯ ಮೇಷ್ಟ್ರು ಸಿಗುವುದಿಲ್ಲ. ಪ್ರಿಸಿಷನ್ ಎಂಬ ಬೇರೆ ಪದ್ಧತಿ ಆಡುವವರು ಮಾತ್ರ ದೂರ ಇರುವುದು ಲೇಸು, ಒಂದು ಕ್ಲಬ್ ಎಂದರೆ 16 ಅಥವಾ ಹೆಚ್ಚು ಪಾಯಿಂಟ್ ಎಂಬ ಅಭ್ಯಾಸದವರಿಗೆ ಇಲ್ಲಿನ ಅರ್ಥಗಳು ಗೊಂದಲ ಮಾಡುತ್ತವೆ. ಎರಡನೆಯದು ಚಾಲೆಂಜ್: ನೀವೂ ನಿಮ್ಮ ಸ್ನೇಹಿತರೂ ಬೇರೆ ಬೇರೆ ಹೊತ್ತಿಗೆ ಅವೇ ಕೈಗಳನ್ನು ರೋಬಾಟ್‌ಗಳ ಜೊತೆ ಆಡಿ ಆಮೇಲೆ ಹೋಲಿಸಬಹುದು. ಗೆದ್ದವರು ಯಾರು ಎಂಬುದಕ್ಕಿಂತ ಒಂದೇ ಕೈಯನ್ನು ಇಬ್ಬರು ಎಲ್ಲಿ ಬೇರೆಯಾಗಿ ಆಡಿದರು ಎಂದು ಫೋನಿನಲ್ಲಿ ಹತ್ತು ನಿಮಿಷ ಮಾತಾಡುವುದರಲ್ಲಿ ಲಾಭವಿದೆ.

ಬಿಬಿಒದ ಅತಿ ಹರಿತ ಸಲಕರಣೆ ಆಡಿದ ಕೈಗಳ ದಾಖಲೆ. ಹಿಸ್ಟರಿಯಲ್ಲಿ ಪ್ರತಿ ಕೈಯನ್ನೂ ತೆರೆದು ಎಲೆ ಎಲೆಯಾಗಿ ಮುಂದೆ ಹಿಂದೆ ಓಡಿಸಬಹುದು, ಅದೇ ಕೈಯನ್ನು ಬೇರೆ ಟೇಬಲ್‌ಗಳಲ್ಲಿ ಆಡಿದವರ ಫಲಿತಾಂಶ ನೋಡಬಹುದು, ಬೇಕಾದರೆ ಅವರ ಆಟವನ್ನೂ ಬಿಚ್ಚಿ ನೋಡಬಹುದು. ಅಲ್ಲೇ ಗಿಬ್ ಎಂಬ ಗುಂಡಿ ಇದೆ. ಒತ್ತಿದರೆ ಆಡಬಹುದಾದ ಪ್ರತಿ ಎಲೆಯ ಮೇಲೂ ಅದರ ಫಲ ಮೂಡುತ್ತದೆ: ಕಾಂಟ್ರ್ಯಾಕ್ಟ್ ಸರಿಯಾಗಿ ಆಗುತ್ತದೆ, ಒಂದು ಹೆಚ್ಚು, ಒಂದು ಕಡಿಮೆ.

ಈ ಗುಂಡಿ ಎಷ್ಟು ಉಪಕಾರಿಯೋ ಅಷ್ಟೇ ಅಪಾಯಕಾರಿ. ಅದು ನಾಲ್ಕೂ ಕೈ ನೋಡಿ ಹೇಳುತ್ತದೆ, ನಿಮಗೆ ಕಂಡದ್ದು ಎರಡೇ. ನಿಮ್ಮಲ್ಲಿ ಸ್ಪೇಡ್ ಎಕ್ಕ ರಾಜ ಗುಲಾಮ ಸೇರಿ ಐದು, ಡಮ್ಮಿಯಲ್ಲಿ ನಾಲ್ಕು ಚಿಕ್ಕವು ಎನ್ನಿ. ಒಂಬತ್ತು ಎಲೆ, ರಾಣಿ ಹೊರಗೆ. ಎಕ್ಕ ಎಳೆದಿರಿ, ಇಬ್ಬರೂ ಚಿಕ್ಕದು ಹಾಕಿದರು. ಡಮ್ಮಿಗೆ ಹೋಗಿ ಸ್ಪೇಡ್ ಆಡಿದಿರಿ, ಈಸ್ಟ್ ಮತ್ತೆ ಚಿಕ್ಕದು. ಈಗ ರಾಜ ಹಾಕಿ ರಾಣಿ ಬೀಳಲೆಂದು ಕಾಯುವುದು ಫಿನೆಸ್‌ಗಿಂತ ಕೂದಲೆಳೆಯಷ್ಟು ಮೇಲು. ನೀವು ರಾಜ ಹಾಕಿದಿರಿ, ವೆಸ್ಟ್ ಬೇರೆ ಬಣ್ಣ ಬಿಸಾಡಿತು, ರಾಣಿ ಈಸ್ಟ್‌ನಲ್ಲೇ ಉಳಿಯಿತು, ಕಾಂಟ್ರ್ಯಾಕ್ಟ್ ಹೋಯಿತು. ಗುಂಡಿ ಒತ್ತಿದರೆ ರಾಜನ ಮೇಲೆ ಮೈನಸ್ ಒಂದು ಎಂದು ಬರುತ್ತದೆ. ಅದನ್ನು ತಪ್ಪು ಎಂದು ಓದಿಕೊಂಡು ಮುಂದಿನ ಸಲ ಫಿನೆಸ್ ಮಾಡಿದರೆ ನೀವು ಸರಿಯಾದ ಆಟ ಬಿಟ್ಟು ತಪ್ಪನ್ನು ಕಲಿತಂತಾಯಿತು. ಬಿಡ್ಡಿಂಗ್‌ನಲ್ಲಿ ಅಥವಾ ಹಿಂದಿನ ಟ್ರಿಕ್‌ಗಳಲ್ಲಿ ವೆಸ್ಟ್‌ಗೆ ಸ್ಪೇಡ್ ಒಂದೇ ಎಂದು ಸುಳಿವು ಇತ್ತೇ ಎಂಬುದು ಕೇಳಬೇಕಾದ ಪ್ರಶ್ನೆ. ವೆಸ್ಟ್ ಬೇರೊಂದು ಬಣ್ಣದಲ್ಲಿ ಏಳು ಎಲೆ ತೋರಿಸಿದ್ದರೆ ಫಿನೆಸ್ಸೇ ಸರಿ, ಆಗ ನಿಮ್ಮದು ನಿಜಕ್ಕೂ ತಪ್ಪು. ಈ ವಿವೇಚನೆ ಗುಂಡಿಗೆ ಗೊತ್ತಿಲ್ಲ.

ಹಾಗಾಗಿ ಕ್ರಮ ತಿರುಗಿಸಿ. ಮೊದಲು ನಿಮ್ಮದೂ ಡಮ್ಮಿಯದೂ ಬಿಟ್ಟು ಉಳಿದೆರಡು ಕೈಗಳ ಮೇಲೆ ಕಾಗದ ಇಟ್ಟು ಮುಚ್ಚಿ, ತಂತ್ರಜ್ಞಾನ ಬೇಡ, ಚೀಟಿ ಸಾಕು. ಐದನೇ ಟ್ರಿಕ್‌ವರೆಗೆ ಓಡಿಸಿ ನಿಲ್ಲಿಸಿ. ಎದುರಾಳಿಗಳಿಬ್ಬರ ನಾಲ್ಕೂ ಬಣ್ಣದ ಉದ್ದ ಬರೆಯಿರಿ, ಪ್ರತಿ ಕೈ ಕೂಡಿದರೆ 13 ಬರಬೇಕು. ಕಾಣದ ದೊಡ್ಡ ಎಲೆಗಳು ಯಾರ ಬಳಿ ಎಂದೂ ಬರೆಯಿರಿ. ಆಮೇಲೆ ಕಾಗದ ತೆಗೆಯಿರಿ. ಗುಂಡಿ ಕೊನೆಗೆ, ಅದೂ ಫಲ ಎಲ್ಲಿ ಇದ್ದಕ್ಕಿದ್ದಂತೆ ಬದಲಾಯಿತು ಎಂದು ಹುಡುಕಲು ಮಾತ್ರ. ಬದಲಾದ ಟ್ರಿಕ್ ಸಿಕ್ಕ ಮೇಲೆ ಅಲ್ಲಿ ತಿಳಿಯಬಹುದಾದದ್ದು ಇತ್ತೇ ಎಂದು ನೀವೇ ತೀರ್ಮಾನಿಸಬೇಕು. ಒಂದು ಸಂಜೆಗೆ ಹೀಗೆ ಮೂರು ಕೈ ಸಾಕು. ಮೂವತ್ತು ಕೈ ಆಡಿ ಒಂದನ್ನೂ ಬಿಚ್ಚಿ ನೋಡದಿರುವುದಕ್ಕಿಂತ ಇದು ಎಷ್ಟೋ ವಾಸಿ.

ಲೆಕ್ಕ ಹಾಕುವಾಗ ನಾಲ್ಕಾರು ಸಂಖ್ಯೆ ಬಾಯಿಪಾಠ ಇರಲಿ. ಐದು ಎಲೆ ಹೊರಗಿದ್ದರೆ 3-2 ಆಗುವುದು ಶೇ. 68, 4-1 ಶೇ. 28. ನಾಲ್ಕು ಹೊರಗಿದ್ದರೆ 3-1 ಶೇ. 50ರ ಹತ್ತಿರ, 2-2 ಶೇ. 41, 4-0 ಶೇ. 10ರ ಒಳಗೆ. ಆರು ಹೊರಗಿದ್ದರೆ ಎಲ್ಲರೂ ಆಸೆಪಡುವ 3-3 ಬರೀ ಶೇ. 36, 4-2 ಶೇ. 48.

ಟೂರ್ನಿ ಆಯುವಾಗ ಅಂಕ ಪದ್ಧತಿಯ ಕಡೆ ಗಮನ ಕೊಡುವವರು ಕಡಿಮೆ. ಮ್ಯಾಚ್‌ಪಾಯಿಂಟ್‌ನಲ್ಲಿ (ಎಷ್ಟು ಟೇಬಲ್‌ಗಳನ್ನು ಮೀರಿಸಿದಿರಿ ಎಂಬುದೇ ಅಂಕ) ಒಂದು ಓವರ್‌ಟ್ರಿಕ್‌ಗೂ, ಅಂದರೆ ಹೆಚ್ಚುವರಿ ಟ್ರಿಕ್‌ಗೂ, ಪೂರ್ತಿ ಬೆಲೆ, ಇಂಪ್‌ನಲ್ಲಿ ಅದು ಚಿಲ್ಲರೆ. ಬರೀ ಮ್ಯಾಚ್‌ಪಾಯಿಂಟ್ ಆಡುತ್ತಿದ್ದರೆ ಸುರಕ್ಷಿತ ಆಟ ಮರೆತೇಹೋಗುತ್ತದೆ. ನಿಮ್ಮದು ಆರು ಸ್ಪೇಡ್ (ಹನ್ನೆರಡು ಟ್ರಿಕ್ ಬೇಕಾದ ಸ್ಲ್ಯಾಮ್), ವಲ್ನರಬಲ್ ಅಲ್ಲ, ಬೇರೆಲ್ಲೂ ಸೋಲಿಲ್ಲ, ತುರುಫಿನಲ್ಲಿ ಒಂದು ಟ್ರಿಕ್ ಸೋಲಬಹುದು ಎನ್ನಿ. ಕೈಯಲ್ಲಿ ರಾಜ 9 6 5 3, ಡಮ್ಮಿಯಲ್ಲಿ ಎಕ್ಕ 10 7 2. ರಾಣಿ, ಗುಲಾಮ, ಇನ್ನೆರಡು ಹೊರಗೆ. ಮ್ಯಾಚ್‌ಪಾಯಿಂಟ್‌ನಲ್ಲಿ ರಾಜ, ಎಕ್ಕ ಎಳೆದು 2-2 ಆಗಲೆಂದು ನೋಡುತ್ತೀರಿ. ಇಂಪ್‌ನಲ್ಲಿ ಹಾಗಲ್ಲ. ಕೈಯಿಂದ ಮೂರು ಆಡಿ, ವೆಸ್ಟ್ ಚಿಕ್ಕದು ಹಾಕಿದರೆ ಡಮ್ಮಿಯಿಂದ ಹತ್ತು. ಅದು ಸೋತರೂ ಹೊರಗೆ ಉಳಿಯುವುದು ಎರಡೇ ಎಲೆ, ಎಕ್ಕ ರಾಜ ಎರಡನ್ನೂ ಹಿಡಿಯುತ್ತವೆ. ನಾಲ್ಕೂ ವೆಸ್ಟ್‌ನಲ್ಲಿದ್ದರೆ ಹತ್ತೇ ಗೆಲ್ಲುತ್ತದೆ. ವೆಸ್ಟ್‌ನಲ್ಲಿ ಸ್ಪೇಡೇ ಇಲ್ಲದಿದ್ದರೆ ಎಕ್ಕ ಹಾಕಿ ಡಮ್ಮಿಯಿಂದ ರಾಜ ಒಂಬತ್ತರ ಕಡೆಗೆ ವಾಪಸ್ ಆಡಿ. ಹೇಗೆ ಹಂಚಿದ್ದರೂ ಸೋಲು ಒಂದೇ. ಮೊದಲೇ ರಾಜ ಎಳೆದಿದ್ದರೆ ಈಸ್ಟ್‌ನಲ್ಲಿ ನಾಲ್ಕೂ ಇದ್ದಾಗ ಎರಡು ಸೋಲು, ಸ್ಲ್ಯಾಮ್ ಢಮಾರ್. ಅದರ ಸಾಧ್ಯತೆ ಶೇ. 5ರ ಒಳಗೇ. ಆದರೆ ಆಗ ಕೈಬಿಡುವುದು 980ರ ಜೊತೆಗೆ 50, ಅಂದರೆ 14 ಇಂಪ್. ಸುರಕ್ಷಿತವಾಗಿ ಆಡಿದ್ದಕ್ಕೆ ತೆರುವುದು ಆಗಾಗ ಒಂದು ಓವರ್‌ಟ್ರಿಕ್, ಅಂದರೆ 1 ಇಂಪ್. ಸರಾಸರಿ ಹಾಕಿದರೆ ಉಳಿತಾಯ ಮೂರನೇ ಎರಡು ಇಂಪ್‌ನಷ್ಟು, ಖರ್ಚು ಅದಕ್ಕಿಂತ ಕಡಿಮೆ. ಅಂತರ ಸಣ್ಣದು. ಆದರೆ ಈ ಲೆಕ್ಕ ತಲೆಯಲ್ಲಿ ಓಡುವ ಆಟಗಾರನಿಗೂ ಓಡದವನಿಗೂ ಅಂತರ ಸಣ್ಣದಲ್ಲ. ವಾರದಲ್ಲಿ ಅರ್ಧವಾದರೂ ಇಂಪ್ ಆಡಿ.

ಡಿಫೆನ್ಸ್‌ಗೆ ಬಿಬಿಒ ನೇರವಾಗಿ ಏನೂ ಕೊಡುವುದಿಲ್ಲ, ಇದು ಅದರ ದೊಡ್ಡ ಕೊರತೆ. ಸ್ವಲ್ಪ ತಿರುಗಿಸಿ ಬಳಸಬಹುದು. ಸ್ವಂತ ಟೇಬಲ್ ತೆರೆದು ಡೀಲ್ ಸೋರ್ಸ್‌ನಲ್ಲಿ ಷರತ್ತು ಹಾಕುವ ಅವಕಾಶವಿದೆ. ಈಸ್ಟ್-ವೆಸ್ಟ್ ಇಬ್ಬರಿಗೂ ಸೇರಿ 25ರಿಂದ 28 ಪಾಯಿಂಟ್ ಎಂದು ಹಾಕಿ, ಆ ಎರಡು ಜಾಗಕ್ಕೆ ರೋಬಾಟ್ ಕೂರಿಸಿ, ಎದುರಿಗೆ ನಿಮ್ಮ ಕ್ಲಬ್ಬಿನ ಜೊತೆಗಾರರನ್ನೇ ಕರೆಯಿರಿ. ಹೆಚ್ಚುಕಡಿಮೆ ಪ್ರತಿ ಕೈಯಲ್ಲೂ ನೀವಿಬ್ಬರೂ ಡಿಫೆಂಡರ್‌ಗಳು. ಲೀಡ್ ಹಾಕುವ ಮೊದಲು ಲೆಕ್ಕ ಬಾಯಿಬಿಟ್ಟು ಹೇಳಿಕೊಳ್ಳಿ. ಒಂದು ನೋಟ್ರಂಪ್, ಮೂರು ನೋಟ್ರಂಪ್ ಎಂದು ಮುಗಿಯಿತು: ಡಿಕ್ಲೇರರ್ 16ರ ಸುತ್ತ, ಡಮ್ಮಿ ಕಡಿಮೆಯೆಂದರೂ 9-10, ನಿಮ್ಮಲ್ಲಿ 8 ಇದ್ದರೆ ಜೊತೆಗಾರರಿಗೆ ಉಳಿಯುವುದು ಐದಾರು. ಡಮ್ಮಿ ಸ್ಟೇಮನ್ (ನಾಲ್ಕೆಲೆ ಮೇಜರ್ ಇದೆಯೇ ಎಂದು ವಿಚಾರಿಸುವ ಬಿಡ್) ಕೇಳಲಿಲ್ಲ, ಹಾಗಾಗಿ ನಾಲ್ಕೆಲೆ ಮೇಜರ್ ಇರುವುದು ಅನುಮಾನ. ನಿಮ್ಮಲ್ಲಿ ನಾಲ್ಕು ಹಾರ್ಟ್, ನಾಲ್ಕು ಡೈಮಂಡ್ ಒಂದೇ ಗುಣದವಿದ್ದರೆ ಹಾರ್ಟ್ ಲೀಡ್ ಮಾಡಿ. ಲೀಡ್ ಗೆದ್ದಿತೇ ಎಂದು ಗಿಬ್ ಗುಂಡಿ ಒಂದು ಕೈಯಲ್ಲಿ ಹೇಳುವ ತೀರ್ಪಿಗೆ ಏನೂ ಬೆಲೆ ಕೊಡಬೇಡಿ.

ಜೊತೆಗಾರರೊಂದಿಗೆ ಬಳಸಬಹುದಾದ ಇನ್ನೊಂದು ಬಿಡ್ಡಿಂಗ್ ಟೇಬಲ್. ಎಲೆ ಆಡುವುದಿಲ್ಲ, ಬರೀ ಬಿಡ್ ಮಾಡಿ ಮುಂದಿನ ಕೈ. ಯದ್ವಾತದ್ವಾ ಹಂಚಿದ ಕೈಗಳ ಮೇಲೆ ಕೂತರೆ ಸಮಯ ಹಾಳು, ಒಂದು ಸಂಜೆಗೆ ಒಂದು ವಿಷಯ ಹಿಡಿಯಿರಿ. ಟ್ರಾನ್ಸ್‌ಫರ್ (ತನ್ನ ಉದ್ದ ಬಣ್ಣವನ್ನು ಜೊತೆಗಾರನಿಂದ ಹೇಳಿಸುವ ಬಿಡ್) ಗಟ್ಟಿಮಾಡಬೇಕಾದರೆ ಸೌತ್‌ಗೆ 15ರಿಂದ 17 ಪಾಯಿಂಟ್‌ನ ಸಮತೋಲದ ಕೈ, ನಾರ್ತ್‌ಗೆ ಐದು ಅಥವಾ ಹೆಚ್ಚು ಹಾರ್ಟ್, 0ರಿಂದ 15 ಪಾಯಿಂಟ್ ಎಂದು ಷರತ್ತು. ಸ್ಲ್ಯಾಮ್‌ಗೆ ಇಬ್ಬರಿಗೂ ಸೇರಿ 30ರಿಂದ 34. ಇಪ್ಪತ್ತು ಕೈ ಮುಗಿಯುವಷ್ಟರಲ್ಲಿ ನಿಮ್ಮಿಬ್ಬರ ಒಪ್ಪಂದದಲ್ಲಿ ತೂತು ಎಲ್ಲಿದೆ ಎಂದು ಕಾಣುತ್ತದೆ: ಟ್ರಾನ್ಸ್‌ಫರ್ ಆದಮೇಲೆ ಹೊಸ ಬಣ್ಣ ಹೇಳಿದರೆ ಗೇಮ್‌ಗೆ ಒತ್ತಾಯವೇ, ನಾಲ್ಕು ನೋಟ್ರಂಪ್ ಎಂದರೆ ಎಕ್ಕ ಕೇಳಿದ್ದೇ ಅಥವಾ ಬರೀ ಆಹ್ವಾನವೇ. ಉತ್ತರ ಅಲ್ಲೇ ಬರೆದಿಡಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದದ್ದು ಪುರುಷರ ಪೇರ್ ವಿಭಾಗದಲ್ಲಿ. ಜೋಡಿಯ ಆಟಕ್ಕೆ ಬೇಕಾದ ಈ ಸರಕು ರೋಬಾಟ್ ಹತ್ತಿರ ಸಿಗುವಂಥದ್ದಲ್ಲ.

ವ್ಯೂಗ್ರಾಫ್, ಅಂದರೆ ದೊಡ್ಡ ಪಂದ್ಯಗಳ ನೇರ ಪ್ರಸಾರ, ಚೆನ್ನಾಗಿದೆ, ಪುಕ್ಕಟೆ. ಆದರೆ ನಾಲ್ಕೂ ಕೈ ಕಾಣುತ್ತಿರುವಾಗ ಎಲ್ಲರೂ ಪಂಡಿತರೇ. ಒಂದು ಕೈ ಬಿಟ್ಟು ಉಳಿದವನ್ನು ಮುಚ್ಚಿಕೊಂಡು ನೋಡುವ ತಾಳ್ಮೆ ಇದ್ದರೆ ಮಾತ್ರ ಅಭ್ಯಾಸ ಎನ್ನಿ, ಇಲ್ಲದಿದ್ದರೆ ಮನರಂಜನೆ.

ಸೆಟ್ಟಿಂಗ್‌ನಲ್ಲಿ ಎರಡು ಬದಲಾವಣೆ ಮಾಡಿ. ಬಿಡ್ ಮತ್ತು ಎಲೆಗೆ ಖಚಿತಪಡಿಸಿಕೊಳ್ಳುವ ಆಯ್ಕೆಯನ್ನು ಫೋನಿನಲ್ಲಿ ಹಾಕಿಡಿ, ಬೆರಳು ಜಾರಿ ಎರಡರ ಬದಲು ಮೂರು ಹಾರ್ಟ್ ಆದ ಕೈಯಿಂದ ಯಾರೂ ಏನೂ ಕಲಿಯುವುದಿಲ್ಲ. ನಾಲ್ಕು ಜಾತಿಗೂ ಬೇರೆ ಬೇರೆ ಬಣ್ಣ ಹಚ್ಚಿದ ಎಲೆ ಕಣ್ಣಿಗೆ ಹಿತ, ಆದರೆ ಕ್ಲಬ್ಬಿನ ಎಲೆಗಳಿಗೆ ಎರಡೇ ಬಣ್ಣ. ಪಂದ್ಯ ಹತ್ತಿರ ಇರುವಾಗ ಅದನ್ನು ತೆಗೆದುಬಿಡಿ. ಬಿಡ್ಡಿಂಗ್ ಏನಾಗಿತ್ತು ಎಂದು ಆಟದ ಮಧ್ಯೆ ತೆರೆದು ನೋಡುವ ಚಾಳಿಯೂ ಬೇಡ. ಕ್ಲಬ್ಬಿನಲ್ಲಿ ಆಟ ಶುರುವಾಗುವ ಹೊತ್ತಿಗೆ ಬಿಡ್ ಕಾರ್ಡುಗಳು ಪೆಟ್ಟಿಗೆಗೆ ವಾಪಸ್ ಹೋಗಿರುತ್ತವೆ.

ಖರ್ಚಿನ ವಿಚಾರ. ಖಾತೆ, ಮನುಷ್ಯರ ಜೊತೆಗಿನ ಸಾದಾ ಟೇಬಲ್, ಬ್ರಿಜ್ ಮಾಸ್ಟರ್, ಬಿಡ್ಡಿಂಗ್ ಟೇಬಲ್, ವ್ಯೂಗ್ರಾಫ್ ಇವಕ್ಕೆಲ್ಲ ದುಡ್ಡಿಲ್ಲ. ರೋಬಾಟ್ ಬಾಡಿಗೆಗೂ ಬಹುತೇಕ ಟೂರ್ನಿಗಳಿಗೂ ಬಿಬಿ ಡಾಲರ್ ಬೇಕು, ಒಂದಕ್ಕೆ ಒಂದು ಅಮೆರಿಕನ್ ಡಾಲರ್. ಪ್ರತಿ ಟೂರ್ನಿಯ ಪ್ರವೇಶ ಶುಲ್ಕ ಸಣ್ಣದೇ, ಅದಕ್ಕೇ ಕೈ ಸಡಿಲವಾಗಿ ತಿಂಗಳ ಕೊನೆಗೆ ಮೊತ್ತ ದೊಡ್ಡದಾಗಿರುತ್ತದೆ. ದುಡ್ಡು ಹಾಕುವುದಿದ್ದರೆ ಮೊದಲು ಮೇಲೆ ಹೇಳಿದ ಡಿಫೆನ್ಸ್ ಟೇಬಲ್‌ನ ರೋಬಾಟ್ ಬಾಡಿಗೆಗೆ, ಆಮೇಲೆ ಸಹಜ ಹಂಚಿಕೆಯ ಇಂಪ್ ಟೂರ್ನಿಗಳಿಗೆ. ಬೆಸ್ಟ್ ಹ್ಯಾಂಡ್ ಮ್ಯಾಚ್‌ಪಾಯಿಂಟ್‌ಗೆ ಭಾನುವಾರ ಮಧ್ಯಾಹ್ನದ ಕಾಫಿ ಜೊತೆ ಒಂದು ಸುತ್ತು, ಅದಕ್ಕಿಂತ ಹೆಚ್ಚು ಬೇಡ.